ನಿಮಗಿದು ಗೊತ್ತೇ? ಶಿಕಾಗೊದ ಮೊದಲ ಮೇಯರ್ ಆಗ್ಡನ್

ಶಿಕಾಗೊ ಎಂದೊಡನೆ ನಮಗೆ ನೆನಪಾಗುವುದು 1893ರ ಸರ್ವಧರ್ಮ ಸಮ್ಮೇಳನ, ಅಲ್ಲಿ ಸ್ವಾಮಿ ವಿವೇಕಾನಂದರು ಮಾಡಿದ ಭಾಷಣ. ಅದಕ್ಕೆ ಅರವತ್ತು ವರ್ಷ ಮೊದಲು ಅಲ್ಲಿ ನಗರವೇ ಇರಲಿಲ್ಲ. ಸೈನ್ಯದ ಕೋಟೆಯೊಂದರ ಮಗ್ಗುಲಲ್ಲಿ ಕೆಲವೇ ನೂರು ಜನರ ಪುಟ್ಟ ಊರಿತ್ತು. ಆ ಊರನ್ನು ಮಹಾನಗರದ ಹಾದಿಗೆ ತಂದವರಲ್ಲಿ ಮುಂದೆ ನಿಲ್ಲುವ ಹೆಸರು ವಿಲಿಯಂ ಬಟ್ಲರ್ ಆಗ್ಡನ್ (1805–1877). ಆತ ನಿವೇಶನ ಮಾರಿದ, ಸೇತುವೆ ಕಟ್ಟಿಸಿದ, ರೈಲು ತಂದ, ಮರದ ಕಾರ್ಖಾನೆ ನಡೆಸಿದ. ಮೇಯರ್ ಆಗಿ ಊರಿನ ಸಾಲದ ಮರ್ಯಾದೆಯನ್ನೂ ಕಾಪಾಡಿದ. ತನ್ನ ಲಾಭವೂ ಊರಿನ ಏಳಿಗೆಯೂ ಒಂದೇ ಗಾಡಿಯ ಎರಡು ಚಕ್ರಗಳೆಂದು ನಂಬಿ ಬದುಕಿದವನು ಆತ. ಆ ನಂಬಿಕೆ ಎಲ್ಲೆಲ್ಲಿ ಫಲ ಕೊಟ್ಟಿತು, ಎಲ್ಲೆಲ್ಲಿ ಬೆಲೆ ಕೇಳಿತು? ಒಂದೊಂದಾಗಿ ನೋಡೋಣ.

ಮರದ ವ್ಯಾಪಾರಿಯ ಮಗ

1. ಆಗ್ಡನ್ ಹುಟ್ಟಿದ್ದು 1805ರ ಜೂನ್ 15ರಂದು, ನ್ಯೂಯಾರ್ಕ್ ರಾಜ್ಯದ ವಾಲ್ಟನ್ ಎಂಬ ಊರಿನಲ್ಲಿ. ಸುತ್ತ ಬೆಟ್ಟ, ದಟ್ಟ ಕಾಡು, ನಡುವೆ ಡೆಲವೇರ್ ನದಿಯ ಪಶ್ಚಿಮ ಕವಲು. ಕಡಿದ ಮರಗಳನ್ನು ತೆಪ್ಪದಂತೆ ಕಟ್ಟಿ ನೀರಿನಲ್ಲಿ ತೇಲಿಬಿಟ್ಟರೆ ಅವು ಕೆಳಗೆ ಫಿಲಡೆಲ್ಫಿಯಾದ ಪೇಟೆ ಸೇರುತ್ತಿದ್ದವು.

2. ಅವನಿಗೆ ವಕೀಲನಾಗುವ ಆಸೆಯಿತ್ತು. ಆದರೆ ತಂದೆ ಕಾಯಿಲೆ ಬಿದ್ದರು. ಇನ್ನೂ ಇಪ್ಪತ್ತು ತುಂಬದ ಹುಡುಗನ ಹೆಗಲಿಗೆ ಮರದ ವ್ಯಾಪಾರ ಬಂತು. ಓದು ಅಲ್ಲಿಗೇ ನಿಂತಿತು, ವ್ಯವಹಾರದ ಪಾಠ ಅಲ್ಲಿಂದಲೇ ಶುರುವಾಯಿತು.

3. ಯೌವನದಲ್ಲಿ ಸಾರಾ ನಾರ್ತ್ ಎಂಬ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಮೊದಲೇ ಆಕೆ ತೀರಿಕೊಂಡಳು. ಆಮೇಲೆ ಎಷ್ಟೋ ದಶಕಗಳ ಕಾಲ ಆಗ್ಡನ್ ಮದುವೆಯ ಮಾತೆತ್ತಲಿಲ್ಲ.

4. ರಾಜಕೀಯ ಶುರುವಾದದ್ದು ಶಿಕಾಗೊದಲ್ಲಲ್ಲ. 1835ರಲ್ಲಿ ಆತ ನ್ಯೂಯಾರ್ಕ್ ರಾಜ್ಯದ ಶಾಸನಸಭೆಯ ಸದಸ್ಯನಾಗಿದ್ದ. ನ್ಯೂಯಾರ್ಕ್–ಈರಿ ರೈಲುಮಾರ್ಗಕ್ಕೆ ಸರ್ಕಾರದ ಹಣ ಸಿಗಬೇಕೆಂದು ಅಲ್ಲಿ ವಾದಿಸಿದ. ರೈಲಿನ ಹುಚ್ಚು ಆಗಲೇ ಹತ್ತಿತ್ತು.

ಕೆಸರಿನಲ್ಲಿ ಹೂತ ಹಣ

5. ಆಗ್ಡನ್‌ನ ಭಾವ ಚಾರ್ಲ್ಸ್ ಬಟ್ಲರ್ ನ್ಯೂಯಾರ್ಕಿನ ವಕೀಲ. ಬಟ್ಲರನ ಅಣ್ಣ ಬೆಂಜಮಿನ್ ಬಟ್ಲರ್ ಆಗ ಅಮೆರಿಕದ ಅಟಾರ್ನಿ ಜನರಲ್. ಚಾರ್ಲ್ಸ್ ತನ್ನವರ ಜೊತೆ ಸೇರಿ ಶಿಕಾಗೊ ನದಿಯ ಉತ್ತರ ದಡದಲ್ಲಿ ಸುಮಾರು ಒಂದು ಲಕ್ಷ ಡಾಲರಿಗೆ ಜಮೀನು ಹಿಡಿದ. ಅದನ್ನು ಅಳೆಸಿ ನಿವೇಶನ ಮಾಡಿ ಮಾರುವ ಕೆಲಸಕ್ಕೆ ಭಾಮೈದನನ್ನು ಕಳಿಸಿದ.

6. 1835ರಲ್ಲಿ ಆಗ್ಡನ್ ಬಂದಿಳಿದಾಗ ಕಂಡದ್ದು ಜೌಗು ನೆಲ, ಕುರುಚಲು ಓಕ್ ಗಿಡಗಳು. ಮಳೆ ಬಿದ್ದ ನೆಲದಲ್ಲಿ ಕಾಲಿಟ್ಟರೆ ಕಣಕಾಲಿನವರೆಗೆ ಕೆಸರು. ಭಾವನಿಗೆ ಬರೆದ ಕಾಗದದಲ್ಲಿ, ಇದಕ್ಕೆ ಹಣ ಹಾಕಿದ್ದು ದೊಡ್ಡ ಮೂರ್ಖತನ ಎಂಬರ್ಥದ ಮಾತುಗಳನ್ನೇ ಹೇಳಿದ.

7. ಆದರೂ ಒಪ್ಪಿಕೊಂಡ ಕೆಲಸ ಬಿಡಲಿಲ್ಲ. ನೀರು ಬಸಿಯಲು ಕಾಲುವೆ ತೆಗೆಸಿ, ನಕ್ಷೆ ಬರೆಸಿ, ಹರಾಜು ಕೂಗಿಸಿದ. ಜಮೀನಿನ ಸುಮಾರು ಮೂರನೆಯ ಒಂದು ಪಾಲು ಮಾರಾಟವಾಗುವಷ್ಟರಲ್ಲಿ ಕೊಂಡ ಹಣವೆಲ್ಲ ವಾಪಸು ಬಂದಿತ್ತು! ಉಳಿದ ಎರಡು ಪಾಲು ಪುಕ್ಕಟೆ ಸಿಕ್ಕಂತೆ. ಇಷ್ಟಾದರೂ ಈ ನೆಲಕ್ಕೆ ಅಷ್ಟು ಬೆಲೆ ಇದೆಯೆಂದು ಅವನಿಗೆ ಆಗ ನಂಬಿಕೆ ಹುಟ್ಟಿರಲಿಲ್ಲ. ನಂಬಿಕೆ ಹುಟ್ಟಿದ ಮೇಲೆ ಶಿಕಾಗೊದಲ್ಲೇ ನೆಲೆಸಿದ.

8. ಆ ನೆಲ ಯಾರದಾಗಿತ್ತು? ಪೊಟವಾಟಮಿ ಮೂಲನಿವಾಸಿಗಳು ಬಾಳಿ ಬದುಕಿದ ಸೀಮೆ ಅದು. 1833ರ ಶಿಕಾಗೊ ಒಪ್ಪಂದದಿಂದ ಮಿಷಿಗನ್ ಸರೋವರದ ಪಶ್ಚಿಮಕ್ಕಿದ್ದ ಅವರ ಕೊನೆಯ ಭೂಮಿಯೂ ಕೈತಪ್ಪಿತು. 1835ರ ಆಗಸ್ಟಿನಲ್ಲಿ ಊರು ಬಿಡುವ ಮುನ್ನ ಸುಮಾರು 800 ಮಂದಿ ಯೋಧರು ಮೈಗೆ ಬಣ್ಣ ಬಳಿದುಕೊಂಡು ಶಿಕಾಗೊದ ಬೀದಿಗಳಲ್ಲಿ ಕೊನೆಯ ಬಾರಿಗೆ ಕುಣಿದರು. ನಿವೇಶನದ ಹರಾಜು ಜೋರಾಗಿದ್ದ ವರ್ಷವೂ ಅದೇ. ಶಿಕಾಗೊದ ಸಂಪತ್ತಿನ ಕಥೆಯನ್ನು ಈ ನಿರ್ಗಮನದಿಂದ ಬೇರೆ ಮಾಡಿ ಹೇಳುವುದು ನ್ಯಾಯವಲ್ಲ.

ಮೇಯರ್ ಗಾದಿ, ಖಾಲಿ ಖಜಾನೆ

9. ಶಿಕಾಗೊಗೆ ನಗರದ ಸನ್ನದು ಸಿಕ್ಕಿದ್ದು 1837ರ ಮಾರ್ಚ್ 4ರಂದು. ಆಗಿನ ಜನಸಂಖ್ಯೆ ನಾಲ್ಕು ಸಾವಿರ ಚಿಲ್ಲರೆ, ವಾರ್ಡುಗಳು ಆರು. ಅದೇ ಮೇ 2ರಂದು ಮೊದಲ ಮೇಯರ್ ಚುನಾವಣೆ ನಡೆಯಿತು. ಇಡೀ ನಗರದಲ್ಲಿ ಬಿದ್ದ ಮತ ಸುಮಾರು 700 ಮಾತ್ರ. ಮತ ಹಾಕಿದವರೆಲ್ಲ ಗಂಡಸರೇ.

10. ಎದುರಾಳಿ ವಿಗ್ ಪಕ್ಷದ ಜಾನ್ ಕಿಂಜಿ, ಶಿಕಾಗೊದಲ್ಲಿ ಮೊದಮೊದಲು ನೆಲೆಸಿದ ಹಳೆಯ ಮನೆತನದವನು. ಆಗ್ಡನ್ ಡೆಮಾಕ್ರಾಟ್ ಪಕ್ಷದವನು, ಊರಿಗೆ ಬಂದು ಇನ್ನೂ ಎರಡು ವರ್ಷ. ಹೊಸಬನೇ ಸುಮಾರು ಎರಡು ಪಟ್ಟು ಮತ ಪಡೆದು ಗೆದ್ದ. ಆಗ ಅವನ ವಯಸ್ಸು 31.

11. ಗೆದ್ದ ಸಂಭ್ರಮ ಹತ್ತು ದಿನವೂ ಉಳಿಯಲಿಲ್ಲ. ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ, ಬೆಳ್ಳಿ ಕೊಡುವುದನ್ನು ನಿಲ್ಲಿಸಿಬಿಟ್ಟವು. ದೇಶವೆಲ್ಲ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. ನಿನ್ನೆ ಸಾವಿರಾರು ಡಾಲರ್ ಬಾಳುತ್ತಿದ್ದ ಶಿಕಾಗೊದ ನಿವೇಶನಗಳನ್ನು ಇಂದು ಕೇಳುವವರಿಲ್ಲ. ಇತಿಹಾಸ ಇದನ್ನು ‘1837ರ ಪ್ಯಾನಿಕ್’ ಎಂದು ಕರೆಯುತ್ತದೆ.

12. ಸಾಲದಲ್ಲಿ ಮುಳುಗಿದ ಜನ ಸಭೆ ಸೇರಿದರು. ಸಾಲ ವಸೂಲಿ ನಿಲ್ಲಿಸಿ, ನ್ಯಾಯಾಲಯದ ಕೆಲಸ ಮುಂದೂಡಿ ಎಂಬ ಕೂಗೆದ್ದಿತು. ಮೇಯರ್ ಎದ್ದು ನಿಂತು, ಮೊದಲು ಧೈರ್ಯ ತಂದುಕೊಳ್ಳಿ, ನಮ್ಮ ಅಪಮಾನವನ್ನು ನಾವೇ ಡಂಗುರ ಸಾರುವುದು ಬೇಡ ಎಂದು ತಿಳಿಹೇಳಿದ. ಜನ ಅವನ ಮಾತು ಕೇಳಿದರು. ಕೊಟ್ಟ ಮಾತಿಗೆ ತಪ್ಪುವ ಊರಿಗೆ ನಾಳೆ ಯಾರೂ ಸಾಲ ಕೊಡುವುದಿಲ್ಲ ಎಂಬುದನ್ನು ವ್ಯಾಪಾರಿಯಾದ ಆಗ್ಡನ್ ಬಲ್ಲವನಾಗಿದ್ದ. ಅವನ ರಾಜಕೀಯ ಜೀವನದ ಅತಿ ದೊಡ್ಡ ಕೆಲಸ ಇದೇ ಎಂಬುದು ನನ್ನ ಎಣಿಕೆ.

13. ನಗರದ ಬೊಕ್ಕಸದಲ್ಲಿ ಹಣವಿಲ್ಲ, ಕೈಸಾಲ ಕೊಡುವ ಬ್ಯಾಂಕಿಲ್ಲ. ಆಗ ನಗರಸಭೆ ಸಣ್ಣ ಸಣ್ಣ ಮೊತ್ತದ ಸಾಲದ ಚೀಟಿಗಳನ್ನು ಅಚ್ಚು ಹಾಕಿಸಿ ಹಂಚಿತು. ಅದೇ ಚೀಟಿಯಿಂದ ತೆರಿಗೆ ಕಟ್ಟಬಹುದಿತ್ತು. ಹೀಗಾಗಿ ಅಂಗಡಿಗಳಲ್ಲೂ ಅದು ಹಣದಂತೆ ಓಡಾಡಿತು.

14. ಮೇಯರ್ ಅವಧಿ ಒಂದೇ ವರ್ಷ. ಅದು ಮುಗಿದ ಮೇಲೆ ದೊಡ್ಡ ಹುದ್ದೆಯೇ ಬೇಕೆಂದು ಹಟ ಹಿಡಿಯದೆ, 1840ರಲ್ಲಿ ಮತ್ತು 1847ರಲ್ಲಿ ಸಾಮಾನ್ಯ ವಾರ್ಡ್ ಸದಸ್ಯನಾಗಿ ಆತ ಅದೇ ನಗರಸಭೆಗೆ ಮರಳಿದ.

15. ಶಿಕಾಗೊ ನಗರಕ್ಕಿಂತ ಎರಡು ದಿನ ಹಿರಿಯ ಸಂಸ್ಥೆಯೊಂದಿದೆ. ರಶ್ ವೈದ್ಯಕೀಯ ಕಾಲೇಜಿಗೆ ಸನ್ನದು ದೊರೆತದ್ದು 1837ರ ಮಾರ್ಚ್ 2ರಂದು. ಅದರ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷ ಆಗ್ಡನ್. ಮುಗ್ಗಟ್ಟಿನಿಂದಾಗಿ ಪಾಠ ಶುರುವಾಗಲು 1843ರವರೆಗೆ ಕಾಯಬೇಕಾಯಿತು.

ಸೇತುವೆ, ಬೀದಿ, ಕೊಯ್ಲಿನ ಯಂತ್ರ

16. ನದಿಯ ದಕ್ಷಿಣದವರಿಗೆ ಸೇತುವೆ ಬೇಡ, ಉತ್ತರದವರಿಗೆ ಬೇಕು. ದಕ್ಷಿಣದಿಂದ ಬರುವ ಧಾನ್ಯದ ಗಾಡಿಗಳು ಹೊಳೆ ದಾಟಿ ಉತ್ತರದ ಉಗ್ರಾಣಗಳಿಗೆ ಹೋಗಿಬಿಡುತ್ತವೆ ಎಂಬುದೇ ದಕ್ಷಿಣದ ವ್ಯಾಪಾರಿಗಳ ಹೊಟ್ಟೆಯುರಿ. 1839ರಲ್ಲಿ ಡಿಯರ್‌ಬಾರ್ನ್ ಬೀದಿಯ ಹಳೆಯ ಸೇತುವೆಯನ್ನು ತೆಗೆಸಲು ನಗರಸಭೆ ಆದೇಶ ಕೊಟ್ಟದ್ದೇ ತಡ, ಬೆಳಗಾಗುವ ಮೊದಲೇ ಜನ ಕೊಡಲಿ ಹಿಡಿದು ಬಂದು ಸೇತುವೆಯನ್ನು ಕಡಿದು ಹಾಕಿದರು!

17. ಆಗ್ಡನ್ ಸುಮ್ಮನೆ ಕೂರಲಿಲ್ಲ. 1840ರಲ್ಲಿ ಕ್ಲಾರ್ಕ್ ಬೀದಿಯಲ್ಲಿ ಹೊಸ ಸೇತುವೆ ಬಂತು. ಉತ್ತರದ ಆಸ್ತಿವಂತರು ಹಣ ಕೂಡಿಸಿದರು, ವಿನ್ಯಾಸ ಆಗ್ಡನ್‌ನದು. ನೀರಿನ ಮೇಲೆ ತೇಲುತ್ತಿದ್ದ ಈ ಸೇತುವೆ ಹಡಗು ಬಂದಾಗ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತಿತ್ತು. ಶಿಕಾಗೊ ನದಿಯ ಮೊದಲ ತಿರುಗುಸೇತುವೆ ಇದು.

18. ಹಲವು ಬೀದಿಗಳನ್ನು ಆಗ್ಡನ್ ಸ್ವಂತ ಖರ್ಚಿನಲ್ಲೇ ಮಾಡಿಸಿದ. ಉದಾರತೆ ನಿಜ, ಆದರೆ ಆ ಬೀದಿಗಳು ಹಾದುಹೋದದ್ದು ಅವನು ಮಾರಲಿದ್ದ ನಿವೇಶನಗಳ ಮುಂದೆಯೇ. ಊರಿಗೆ ದಾರಿಯಾಯಿತು, ಅವನಿಗೆ ಬೆಲೆ ಬಂತು. ಆತ ಇದನ್ನು ಬಚ್ಚಿಡಲಿಲ್ಲ. ಅವನ ವ್ಯವಹಾರದ ರೀತಿಯೇ ಹಾಗಿತ್ತು.

19. ವರ್ಜೀನಿಯಾದ ಸೈರಸ್ ಮೆಕಾರ್ಮಿಕ್ ಕುದುರೆ ಎಳೆಯುವ ಕೊಯ್ಲಿನ ಯಂತ್ರಕ್ಕೆ 1834ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಹಣವಿರಲಿಲ್ಲ. 1847ರಲ್ಲಿ ಆತ ಶಿಕಾಗೊಗೆ ಬಂದಾಗ ಬಂಡವಾಳ ಹಾಕಿ ಪಾಲುದಾರನಾದವನು ಆಗ್ಡನ್. ನದಿಯ ಉತ್ತರ ದಡದಲ್ಲಿ ಕಾರ್ಖಾನೆ ಎದ್ದಿತು. 1848ರ ಸುಗ್ಗಿಗೆ 500 ಯಂತ್ರಗಳು ಸಿದ್ಧವಾದವು.

20. 1849ರಲ್ಲೇ ಮೆಕಾರ್ಮಿಕ್ ಪಾಲುದಾರನ ಭಾಗವನ್ನೂ ಕೊಂಡು ಪೂರ್ತಿ ಒಡೆಯನಾದ. ಆಗ್ಡನ್ ಒಳ್ಳೆಯ ಲಾಭದೊಂದಿಗೆ ಹೊರಬಂದ. ಅದಕ್ಕಿಂತ ದೊಡ್ಡ ಲಾಭ ಊರಿನದು. ಅಮೆರಿಕದ ಗೋಧಿ ಬಯಲಿಗೆ ಕೊಯ್ಲಿನ ಯಂತ್ರ ಸಾಗುವ ಕೇಂದ್ರ ಶಿಕಾಗೊ ಆಯಿತು.

21. 1847ರ ಜುಲೈನಲ್ಲಿ ಶಿಕಾಗೊದಲ್ಲಿ ನದಿ ಮತ್ತು ಬಂದರುಗಳ ದೊಡ್ಡ ಸಮಾವೇಶ ನಡೆಯಿತು. ಬಂದರು ಕಾಮಗಾರಿಗೆ ಹಣ ಕೊಡುವ ಮಸೂದೆಯನ್ನು ಅಧ್ಯಕ್ಷ ಪೋಕ್ ತಡೆಹಿಡಿದದ್ದನ್ನು ಪ್ರತಿಭಟಿಸುವ ಸಭೆ ಅದು. ಏರ್ಪಡಿಸಿದವರಲ್ಲಿ ಆಗ್ಡನ್ ಒಬ್ಬ. ಬಂದಿದ್ದವರಲ್ಲಿ ಇಲಿನಾಯ್ ರಾಜ್ಯದ ವಕೀಲನೊಬ್ಬನಿದ್ದ. ಅವನ ಹೆಸರು ಅಬ್ರಹಾಂ ಲಿಂಕನ್!

22. ಶಿಕಾಗೊ ನದಿಯ ನಡುವೆ ಇಂದಿಗೂ ಇರುವ ಗೂಸ್ ದ್ವೀಪ ಪ್ರಕೃತಿ ಮಾಡಿದ್ದಲ್ಲ. 1850ರ ದಶಕದಲ್ಲಿ ಆಗ್ಡನ್‌ನ ಭೂ ಕಂಪನಿ ಇಟ್ಟಿಗೆಗಾಗಿ ಅಲ್ಲಿ ಜೇಡಿಮಣ್ಣು ತೆಗೆಯುತ್ತಾ ಹೋಯಿತು. ತೋಡಿದ ಜಾಗ ಕಾಲುವೆಯಾಯಿತು, ನಡುವೆ ಉಳಿದ ನೆಲ ದ್ವೀಪವಾಯಿತು. ಮೊದಲು ಅದನ್ನು ಆಗ್ಡನ್ ದ್ವೀಪವೆಂದೇ ಕರೆಯುತ್ತಿದ್ದರು.

23. ಎಲ್ಲ ಕಾಲುವೆಯೂ ಊರಿಗೆ ಒಳಿತು ಮಾಡಲಿಲ್ಲ. ಆತ ಮತ್ತು ಮಾಜಿ ಮೇಯರ್ ಜಾನ್ ವೆಂಟ್‌ವರ್ತ್ ತಮ್ಮ ಜೌಗು ಜಮೀನು ಒಣಗಿಸಲು 1870ರ ದಶಕದ ಆರಂಭದಲ್ಲಿ ಡೆಸ್ ಪ್ಲೇನ್ಸ್ ನದಿಯವರೆಗೆ ಕಾಲುವೆ ತೋಡಿಸಿದರು. ಪ್ರವಾಹ ಬಂದಾಗ ಆ ನೀರು ನಗರದ ನದಿಗೆ ನುಗ್ಗಿ ಕೊಳಚೆಯನ್ನು ಸರೋವರದತ್ತ ತಳ್ಳುತ್ತಿತ್ತು. ಊರು ಕುಡಿಯುವ ನೀರೂ ಅದೇ ಸರೋವರದ್ದು. ಒಡೆಯನ ಲಾಭ, ಊರಿನ ಆರೋಗ್ಯ ಇಲ್ಲಿ ಎದುರುಬದುರಾದವು.

ಹಳೆಯ ಎಂಜಿನ್, ಹೊಸ ದಾರಿ

24. ಗಲೀನಾ–ಶಿಕಾಗೊ ಯೂನಿಯನ್ ರೈಲ್ರೋಡಿಗೆ ಅನುಮತಿ ದೊರೆತದ್ದು 1836ರಲ್ಲಿ. ಮುಗ್ಗಟ್ಟಿನ ಹೊಡೆತಕ್ಕೆ ಸಿಕ್ಕಿ ಅದು ಕಾಗದದ ಮೇಲೇ ಉಳಿದಿತ್ತು. ಹತ್ತು ವರ್ಷದ ಮೇಲೆ ಅದನ್ನು ಮತ್ತೆ ಕೈಗೆತ್ತಿಕೊಂಡು ಅಧ್ಯಕ್ಷನಾದವನು ಆಗ್ಡನ್. ಪೂರ್ವದ ಶ್ರೀಮಂತರು, ಮೊದಲು ನೀವು ಹಣ ಹಾಕಿ ತೋರಿಸಿ ಎಂದು ಸಾಗಹಾಕಿದರು.

25. ಆತ ಹೊಲಗಳ ಕಡೆ ಹೊರಟ. ಕೆಸರಿನ ದಾರಿಯಲ್ಲಿ ಗೋಧಿ ಗಾಡಿ ಹೊಡೆದು ಹೈರಾಣಾಗಿದ್ದ ರೈತನಿಗೆ ರೈಲಿನ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಊರೂರು ಸುತ್ತಿ, ಹಳ್ಳಿ ಸಭೆಗಳಲ್ಲಿ ಮಾತಾಡಿ, ಕಂತಿನ ಲೆಕ್ಕದಲ್ಲಿ ಷೇರು ಬರೆಸಿಕೊಂಡ. ಹೀಗೆ ಹನಿ ಹನಿಯಾಗಿ ಸೇರಿದ ವಾಗ್ದಾನ ಸುಮಾರು ಮೂರೂವರೆ ಲಕ್ಷ ಡಾಲರ್.

26. ವಿರೋಧ ಬಂದದ್ದು ಶಿಕಾಗೊದ ಅಂಗಡಿಕಾರರಿಂದಲೇ! ರೈತರು ಗಾಡಿ ಕಟ್ಟಿಕೊಂಡು ಊರಿಗೆ ಬಂದರೆ ತಾನೇ ಅಂಗಡಿಗೆ ವ್ಯಾಪಾರ? ರೈಲು ಬಂದರೆ ಅವರು ಊರಿಗೇ ಬರುವುದಿಲ್ಲವಲ್ಲ ಎಂಬ ಭಯ ಅವರದು. ಕೊನೆಗೆ ಮೊದಲ ನಿಲ್ದಾಣ ಎದ್ದದ್ದು ಪೇಟೆಯಿಂದಾಚೆ, ನದಿಯ ಪಶ್ಚಿಮಕ್ಕೆ.

27. ಶಿಕಾಗೊದ ಮೊದಲ ರೈಲು ಎಂಜಿನ್ ಹೆಸರು ‘ಪಯೊನೀರ್’. ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ ತಯಾರಾಗಿ ಬೇರೆ ರೈಲುಗಳಿಗೆ ದುಡಿದು ಸವೆದಿದ್ದ ಸೆಕೆಂಡ್ ಹ್ಯಾಂಡ್ ಎಂಜಿನ್ ಅದು. 1848ರ ಅಕ್ಟೋಬರಿನಲ್ಲಿ ಹಡಗಿನಲ್ಲಿ ಬಂದಿಳಿಯಿತು. ಅಕ್ಟೋಬರ್ 25ರಂದು ನಗರದಿಂದ ಪಶ್ಚಿಮಕ್ಕೆ ಮೊದಲ ಬಾರಿ ಓಡಿತು.

28. ಮೊದಮೊದಲು ಹಾಕಿದ್ದ ಹಳಿ ಡೆಸ್ ಪ್ಲೇನ್ಸ್ ನದಿಯವರೆಗೆ ಮಾತ್ರ. ಹಳಿಯೆಂದರೆ ಮರದ ತೊಲೆಗಳ ಮೇಲೆ ಬಡಿದ ಕಬ್ಬಿಣದ ಪಟ್ಟಿ. ಮೊದಲ ಪಯಣಗಳಲ್ಲೊಮ್ಮೆ, ಎತ್ತಿನ ಗಾಡಿಯಲ್ಲಿ ಗೋಧಿ ಹೇರಿಕೊಂಡು ಪೇಟೆಗೆ ಹೊರಟಿದ್ದ ರೈತನೊಬ್ಬ ಎದುರಾದ. ರೈಲಿನಲ್ಲಿದ್ದ ವ್ಯಾಪಾರಿಗಳು ಅಲ್ಲೇ ಗೋಧಿ ಕೊಂಡು ಬೋಗಿಗೆ ಹಾಕಿಸಿದರು. ಶಿಕಾಗೊಗೆ ರೈಲಿನಲ್ಲಿ ಬಂದ ಮೊದಲ ಧಾನ್ಯ ಅದು. ಕೆಲವೇ ವರ್ಷಗಳಲ್ಲಿ ಜಗತ್ತಿನ ದೊಡ್ಡ ಧಾನ್ಯಪೇಟೆಗಳಲ್ಲಿ ಒಂದಾದ ಊರಿನ ಬೋಣಿ ಹೀಗಾಯಿತು.

29. ಗಲೀನಾ ರೈಲು ಗಲೀನಾ ತಲುಪಲೇ ಇಲ್ಲ! ಹೆಸರಿನಲ್ಲಿರುವ ಆ ಸೀಸದ ಗಣಿಯ ಊರಿಗೆ ಮುಂಚೆಯೇ, 1853ರಲ್ಲಿ ಫ್ರೀಪೋರ್ಟಿನಲ್ಲಿ ಅದರ ಹಳಿ ನಿಂತಿತು. ಅಲ್ಲಿಂದ ಮುಂದಿನ ದಾರಿ ಇಲಿನಾಯ್ ಸೆಂಟ್ರಲ್ ಕಂಪನಿಯ ಪಾಲಾಯಿತು.

30. ಶಿಕಾಗೊದ ಪಾಲಿಗೆ 1848 ಮರೆಯಲಾಗದ ವರ್ಷ. ಟೆಲಿಗ್ರಾಫ್ ಬಂದದ್ದು, ಧಾನ್ಯ ವ್ಯಾಪಾರಿಗಳ ಮಂಡಳಿ ಹುಟ್ಟಿದ್ದು, ರೈಲು ಓಡಿದ್ದು ಎಲ್ಲ ಆ ಒಂದೇ ವರ್ಷ. ಆಗ್ಡನ್ ಬಹುಕಾಲ ಬೆಂಬಲಿಸಿದ 96 ಮೈಲಿ ಉದ್ದದ ಇಲಿನಾಯ್–ಮಿಷಿಗನ್ ಕಾಲುವೆ ತೆರೆದದ್ದೂ ಅದೇ ವರ್ಷ. ನ್ಯೂ ಆರ್ಲಿಯನ್ಸಿನ ಸಕ್ಕರೆ ಈ ಕಾಲುವೆಯ ಮೂಲಕ ಉತ್ತರದ ಸರೋವರಗಳ ಸೀಮೆಗೆ ಬಂತು.

31. 1857ರಲ್ಲಿ ಮತ್ತೊಂದು ಮುಗ್ಗಟ್ಟು. ಇನ್ನೊಂದು ರೈಲು ಕಂಪನಿಯ ಭಾರಿ ಸಾಲಕ್ಕೆ ಆಗ್ಡನ್ ಜಾಮೀನು ನಿಂತಿದ್ದ. ಮುಳುಗಿಯೇ ಹೋದ ಎಂದು ಪೇಟೆಯಲ್ಲಿ ಸುದ್ದಿ. ಕೇಳದೆಯೇ ಹಣ ಕೊಡಲು ಗೆಳೆಯರು ಮುಂದೆ ಬಂದರು. ಆತ ಕೃತಜ್ಞತೆ ಹೇಳಿ ಬೇಡವೆಂದ. ಆಸ್ತಿ ಕೈಬಿಡದೆ ಸಾಲದ ಹೊರೆಯಿಂದ ಪಾರಾದ.

32. ಮುಳುಗಿದ ಆ ಕಂಪನಿಯ ಅವಶೇಷದಿಂದ 1859ರಲ್ಲಿ ಎದ್ದದ್ದು ಶಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆ. ಮೊದಲ ಅಧ್ಯಕ್ಷ ಆಗ್ಡನ್. ಗಲೀನಾ ರೈಲೂ 1864ರಲ್ಲಿ ಇದರಲ್ಲೇ ವಿಲೀನವಾಯಿತು.

33. 1862ರಲ್ಲಿ ಲಿಂಕನ್ ಸಹಿ ಹಾಕಿದ ಕಾಯ್ದೆಯಿಂದ ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಹುಟ್ಟಿತು. ಅಮೆರಿಕದ ಎರಡು ಕಡಲುಗಳನ್ನು ಹಳಿಯಿಂದ ಜೋಡಿಸುವ ಯೋಜನೆ ಅದು. ಅದಕ್ಕೂ ಮೊದಲ ಅಧ್ಯಕ್ಷ ನಮ್ಮ ಆಗ್ಡನ್ನೇ. ಅಂತರ್ಯುದ್ಧದ ನಡುವೆ ಷೇರು ಕೊಳ್ಳುವವರು ಸಿಗದೆ ಕೆಲಸ ಕುಂಟಿತು. 1863ರಲ್ಲಿ ಆ ಸ್ಥಾನ ಬೇರೆಯವರಿಗೆ ಹೋಯಿತು.

34. ಆತ ಮೊದಲ ಅಧ್ಯಕ್ಷನಾಗಿದ್ದ ಈ ಎರಡು ಕಂಪನಿಗಳೂ ಕೊನೆಗೆ ಒಂದಾದವು. 1995ರಲ್ಲಿ ಯೂನಿಯನ್ ಪೆಸಿಫಿಕ್ ನಾರ್ತ್ ವೆಸ್ಟರ್ನನ್ನು ಕೊಂಡುಕೊಂಡಿತು.

35. 1869ರಲ್ಲಿ ಕಡಲಿನಿಂದ ಕಡಲಿಗೆ ಹಳಿ ಕೂಡಿದ ಜಾಗದ ಬಳಿ, ಯೂಟಾ ರಾಜ್ಯದಲ್ಲಿ, ಆಗ್ಡನ್ ಎಂಬ ಪಟ್ಟಣವಿದೆ. ಇವನದೇ ಹೆಸರೆಂದು ಯಾರಾದರೂ ಊಹಿಸಬಹುದು. ಅಲ್ಲ. ಅದು ತುಪ್ಪಳದ ವ್ಯಾಪಾರಿ ಪೀಟರ್ ಸ್ಕೀನ್ ಆಗ್ಡನ್‌ನ ಹೆಸರು.

ಮನೆ, ಗೆಳೆಯರು, ಪಕ್ಷ

36. ಶಿಕಾಗೊದ ಮೊದಲ ವಾಸ್ತುಶಿಲ್ಪಿ ಎನಿಸಿದ ಜಾನ್ ವ್ಯಾನ್ ಆಸ್ಡೆಲ್ ನ್ಯೂಯಾರ್ಕಿನಿಂದ ಬಂದದ್ದೇ ಆಗ್ಡನ್‌ನ ಮನೆ ಕಟ್ಟಲು, 1837ರಲ್ಲಿ. ಗ್ರೀಕ್ ಮಾದರಿಯ ಆ ಮನೆ ಇಡೀ ಒಂದು ಬ್ಲಾಕಿನ ಮರಗಳ ನಡುವೆ ನಿಂತಿತ್ತು.

37. ಒಳ್ಳೆಯ ಹೋಟೆಲುಗಳಿಲ್ಲದ ಆ ಕಾಲದಲ್ಲಿ ಬ್ರಹ್ಮಚಾರಿಯ ಆ ಮನೆಯೇ ಊರಿನ ಅತಿಥಿಗೃಹ. ಮಾಜಿ ರಾಷ್ಟ್ರಾಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್, ವಾಗ್ಮಿ ಡೇನಿಯಲ್ ವೆಬ್‌ಸ್ಟರ್, ಚಿಂತಕ ಎಮರ್ಸನ್, ಲೇಖಕಿ ಮಾರ್ಗರೆಟ್ ಫುಲ್ಲರ್, ಕವಿ ಬ್ರಯಾಂಟ್ ಎಲ್ಲರೂ ಅಲ್ಲಿ ಉಪಚಾರ ಪಡೆದವರೇ.

38. ಅಮೆರಿಕದ ಹೆಸರಾಂತ ಭಾವಚಿತ್ರಕಾರ ಜಾರ್ಜ್ ಹೀಲಿಯನ್ನು ಪ್ಯಾರಿಸ್ಸಿನಲ್ಲಿ ಭೇಟಿಯಾಗಿ ಶಿಕಾಗೊಗೆ ಕರೆದವನೂ ಆಗ್ಡನ್. ಹೀಲಿ ಅಲ್ಲಿಯೇ ವರ್ಷಾನುಗಟ್ಟಲೆ ನೆಲೆಸಿದ. ಲಿಂಕನ್‌ನ ಪ್ರಸಿದ್ಧ ಚಿತ್ರಗಳು ಅವನ ಕುಂಚದವು.

39. ಗುಲಾಮಗಿರಿಯ ಪ್ರಶ್ನೆಯಲ್ಲಿ ಆತ ಡೆಮಾಕ್ರಾಟ್ ಪಕ್ಷ ಬಿಟ್ಟು ರಿಪಬ್ಲಿಕನ್ ಪಕ್ಷ ಸೇರಿದ, ಇಲಿನಾಯ್ ಸೆನೆಟ್ಟಿಗೂ ಆಯ್ಕೆಯಾದ. ಆದರೆ ಲಿಂಕನ್ ಗುಲಾಮರ ವಿಮೋಚನೆ ಘೋಷಿಸಿದಾಗ, ಅದಕ್ಕಿನ್ನೂ ಕಾಲ ಕೂಡಿಬಂದಿಲ್ಲ ಎಂದು ಮುನಿಸಿಕೊಂಡು ದೂರ ಸರಿದ. ಕೆಸರಿನಲ್ಲಿ ನಗರ ಕಂಡ ಕಣ್ಣಿಗೆ ಆ ಘೋಷಣೆಯ ಹಿರಿಮೆ ಕಾಣಲಿಲ್ಲ. ಇದು ಅವನ ಬದುಕಿನ ದೊಡ್ಡ ಕೊರತೆ.

ಒಂದೇ ರಾತ್ರಿ, ಎರಡು ಬೆಂಕಿ

40. 1871ರ ಅಕ್ಟೋಬರ್ 8, ಭಾನುವಾರ ರಾತ್ರಿ. ಶಿಕಾಗೊಗೆ ಬೆಂಕಿ ಬಿತ್ತು. ಸುಮಾರು 300 ಜನ ಸತ್ತರು, 17,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು, ಲಕ್ಷ ಜನ ಬೀದಿಗೆ ಬಂದರು. ಆಗ್ಡನ್‌ನ ಮರಗಳ ನಡುವಿನ ಮನೆಯೂ ಉಳಿಯಲಿಲ್ಲ.

41. ಅದೇ ರಾತ್ರಿ, ಅಲ್ಲಿಂದ ಸುಮಾರು 400 ಕಿ.ಮೀ. ಉತ್ತರಕ್ಕೆ, ವಿಸ್ಕಾನ್ಸಿನ್ ರಾಜ್ಯದ ಕಾಡುಸೀಮೆಯಲ್ಲಿದ್ದ ಪೆಷ್ಟಿಗೊ ಎಂಬ ಊರು ಕಾಳ್ಗಿಚ್ಚಿಗೆ ಬಲಿಯಾಯಿತು. ಆ ಊರಿನ ಬದುಕು ನಿಂತಿದ್ದದ್ದು ಒಂದೇ ಕಂಪನಿಯ ಮೇಲೆ. ಅದರ ಒಡೆಯ ಆಗ್ಡನ್! ಸಾಮಿಲ್ಲಿನ ಜೊತೆಗೆ ಬಕೆಟ್ಟು, ಮರದ ತೊಟ್ಟಿ, ಪೊರಕೆ ಹಿಡಿ, ಬಟ್ಟೆ ಕ್ಲಿಪ್ಪು ತಯಾರಿಸುವ ಬಲು ದೊಡ್ಡ ಕಾರ್ಖಾನೆ ಅಲ್ಲಿತ್ತು.

42. ಶಿಕಾಗೊದ ಬೆಂಕಿ ಜಗತ್ತಿಗೆಲ್ಲ ಗೊತ್ತು. ಆದರೆ ಹೆಚ್ಚು ಜನ ಸತ್ತದ್ದು ಪೆಷ್ಟಿಗೊ ಸೀಮೆಯಲ್ಲಿ. 1,200ರಿಂದ 2,400ರವರೆಗೆ ಅಂದಾಜುಗಳಿವೆ. ಅಮೆರಿಕದ ಇತಿಹಾಸದಲ್ಲೇ ಅತಿ ಹೆಚ್ಚು ಜೀವ ತೆಗೆದ ಕಾಳ್ಗಿಚ್ಚು ಇದು. ಗುರುತು ಸಿಗದ ಸುಮಾರು 350 ದೇಹಗಳನ್ನು ಒಂದೇ ಗುಂಡಿಯಲ್ಲಿ ಹೂಳಬೇಕಾಯಿತು.

43. ಕಾರಣಗಳೇನು? ಮಳೆ ಕಾಣದ ಬೇಸಿಗೆ, ಕಡಿದು ಬಿಟ್ಟ ಒಣ ಕೊಂಬೆಗಳ ರಾಶಿ, ಬಯಲು ಮಾಡಲು ರೈತರು ಹಚ್ಚುತ್ತಿದ್ದ ಬೆಂಕಿ, ರೈಲುದಾರಿಗೆ ಕಾಡು ಸವರುತ್ತಿದ್ದ ಕೂಲಿಗಳು ಹಚ್ಚಿದ ಬೆಂಕಿ. ಅದರ ಮೇಲೆ ಬಿರುಗಾಳಿ. ಮನೆ ಮರದ್ದು, ಕಾಲುದಾರಿಗೆ ಹಾಸಿದ ಹಲಗೆ ಮರದ್ದು, ಬೀದಿಗೆ ಚೆಲ್ಲಿದ್ದು ಗರಗಸದ ಹೊಟ್ಟು. ಕಾಡನ್ನು ಸರಕೆಂದು ಮಾತ್ರ ಕಂಡ ಇಡೀ ವ್ಯವಸ್ಥೆ ಆ ರಾತ್ರಿ ಉರಿಯಿತು. ಆ ವ್ಯವಸ್ಥೆಯ ದೊಡ್ಡ ಪಾಲುದಾರ ಆಗ್ಡನ್.

44. ಬದುಕುಳಿದವರು ಬಹುಪಾಲು ನದಿಗೆ ಹಾರಿದವರು. ಊರಿನ ಪಾದ್ರಿ ಪೀಟರ್ ಪರ್ನಿನ್ ಚರ್ಚಿನ ಪವಿತ್ರ ಪೆಟ್ಟಿಗೆಯಿದ್ದ ಗಾಡಿಯನ್ನು ಎಳೆದುಕೊಂಡು ನೀರಿಗಿಳಿದ. ತಲೆಯ ಮೇಲೆ ಬೆಂಕಿ, ಮೈಗೆ ಕೊರೆಯುವ ನೀರು. ಮುಖಕ್ಕೆ ನೀರೆರಚಿಕೊಳ್ಳುತ್ತ ಗಂಟೆಗಟ್ಟಲೆ ನಿಂತು ಉಳಿದ ಆತ 1874ರಲ್ಲಿ ಬರೆದ ನೆನಪುಗಳೇ ಇಂದು ನಮಗಿರುವ ಮುಖ್ಯ ಸಾಕ್ಷ್ಯ.

45. ಸಹಾಯ ಬಂದದ್ದು ಹೇಗೆ ಗೊತ್ತೇ? ವಿಸ್ಕಾನ್ಸಿನ್ ರಾಜ್ಯಪಾಲರು ಶಿಕಾಗೊದ ನೆರವಿಗೆ ಹೋಗಿದ್ದರು. ಪೆಷ್ಟಿಗೊ ಸುದ್ದಿ ರಾಜಧಾನಿ ತಲುಪಿದಾಗ ಅಲ್ಲಿದ್ದದ್ದು ಅವರ ಪತ್ನಿ ಫ್ರಾನ್ಸಿಸ್ ಫೇರ್‌ಚೈಲ್ಡ್. ಆಕೆ ತಾವೇ ಆದೇಶ ಹೊರಡಿಸಿ, ಶಿಕಾಗೊಗೆ ಹೊರಟಿದ್ದ ಸಾಮಗ್ರಿಯ ರೈಲುಬೋಗಿಯನ್ನು ಪೆಷ್ಟಿಗೊದ ಕಡೆ ತಿರುಗಿಸಿದರು.

46. ಆಗ ನ್ಯೂಯಾರ್ಕಿನಲ್ಲಿದ್ದ ಆಗ್ಡನ್ ಸುದ್ದಿ ತಿಳಿದು ಶಿಕಾಗೊಗೆ ಓಡಿಬಂದ. ತಾನೇ ಅಳೆಸಿ ಹಾಕಿಸಿದ ಬೀದಿಗಳು ಗುರುತು ಸಿಗದೆ ಕತ್ತಲಲ್ಲಿ ಗಾಡಿ ತಡಕಾಡಿತು. ಉತ್ತರ ಭಾಗದ ಆ ಸುಟ್ಟ ಬಯಲಿನಲ್ಲಿ ಉಳಿದಿದ್ದದ್ದು ತಮ್ಮ ಮಾಲನ್‌ನ ಮನೆ. ಚಾವಣಿಗೆ ಒದ್ದೆ ಕಂಬಳಿ, ಜಮಖಾನೆ ಹೊದಿಸಿ ಮನೆಯವರು ಅದನ್ನು ಕಾಪಾಡಿಕೊಂಡಿದ್ದರು.

47. ಅಲ್ಲಿಂದ ಆತ ಪೆಷ್ಟಿಗೊಗೆ ಹೋದ. ಆಗ ಅವನಿಗೆ 66 ವರ್ಷ. ವಾರಗಟ್ಟಲೆ ಅಲ್ಲೇ ಉಳಿದು, ಮಳೆ ಕೆಸರಿನಲ್ಲಿ ತೆರೆದ ಗಾಡಿಯಲ್ಲಿ ಓಡಾಡುತ್ತಾ ಗಿರಣಿಗಳನ್ನು ಮತ್ತೆ ಎಬ್ಬಿಸುವ ಕೆಲಸ ನೋಡಿಕೊಂಡ. ದೊಡ್ಡ ಕಾರ್ಖಾನೆ ಮಾತ್ರ ಮತ್ತೆ ಏಳಲಿಲ್ಲ.

ಉಳಿದ ಗುರುತುಗಳು

48. ಯೌವನದಲ್ಲಿ ಸಾರಾ ತೀರಿಕೊಂಡ ನಂತರ ಒಂಟಿಯಾಗಿಯೇ ಉಳಿದಿದ್ದ ಆಗ್ಡನ್, 1875ರ ಫೆಬ್ರುವರಿಯಲ್ಲಿ, 69ನೇ ವಯಸ್ಸಿನಲ್ಲಿ ಮರಿಯಾನಾ ಆರ್ನಟ್‌ಳನ್ನು ಮದುವೆಯಾದ. ಎರಡೂವರೆ ವರ್ಷದ ದಾಂಪತ್ಯದ ನಂತರ 1877ರ ಆಗಸ್ಟ್ 3ರಂದು ನ್ಯೂಯಾರ್ಕಿನ ತನ್ನ ಮನೆಯಲ್ಲಿ ತೀರಿಕೊಂಡ. ಸಮಾಧಿ ಬ್ರಾಂಕ್ಸಿನ ವುಡ್‌ಲಾನ್‌ನಲ್ಲಿದೆ.

49. ಬೆಂಕಿಯಿಂದ ಪಾರಾದ ತಮ್ಮನ ಮನೆಯ ಜಾಗದಲ್ಲಿ ಇಂದು ನ್ಯೂಬೆರಿ ಗ್ರಂಥಾಲಯವಿದೆ. ಅದು ಇರುವುದು ವಾಲ್ಟನ್ ಬೀದಿಯಲ್ಲಿ, ಅಣ್ಣತಮ್ಮಂದಿರ ಹುಟ್ಟೂರಿನ ಹೆಸರು. ಶಿಕಾಗೊದಲ್ಲೂ ಬ್ರಾಂಕ್ಸಿನಲ್ಲೂ ಆಗ್ಡನ್ ಅವೆನ್ಯೂಗಳಿವೆ. ಮುದಿ ಎಂಜಿನ್ ‘ಪಯೊನೀರ್’ ಶಿಕಾಗೊ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಸಿಗುತ್ತದೆ.

50. ಓದು ಅರ್ಧಕ್ಕೆ ನಿಂತವನ ಆಸ್ತಿ ಕೊನೆಗೆ ಓದಿಗೇ ಸಂದಿತು. ಅವನ ಎಸ್ಟೇಟಿನಿಂದ ಬಂದ ಐದು ಲಕ್ಷ ಡಾಲರಿಗೂ ಮೀರಿದ ಹಣದಿಂದ, 1890ರ ದಶಕದಲ್ಲಿ ಹೊಸತಾಗಿ ತೆರೆದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಆಗ್ಡನ್ ಹೆಸರಿನ ವಿಜ್ಞಾನದ ಸ್ನಾತಕೋತ್ತರ ಶಾಲೆ ಆರಂಭವಾಯಿತು. ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಅವರು 1960ರ ದಶಕದಿಂದ ಕೊನೆಯವರೆಗೂ ಪಾಠ ಹೇಳಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಆಗ್ಡನ್ ಮೇಯರ್ ಆದಾಗ ನಾಲ್ಕು ಸಾವಿರ ಜನರಿದ್ದ ಊರಿನಲ್ಲಿ 1880ರ ಜನಗಣತಿಯ ಹೊತ್ತಿಗೆ ಐದು ಲಕ್ಷ ಜನರಿದ್ದರು. ಬೀದಿ, ರೈಲು, ಬಂದರು ಅಷ್ಟನ್ನು ಬೆಳೆಸಬಲ್ಲವು. ಅಂಥ ಊರಿಗೆ ಒಂದು ವಿಶ್ವವಿದ್ಯಾಲಯ ಬೇಕೆಂದು ತೋರಿ ಹಣ ಅಲ್ಲಿಗೆ ಸೇರಿದ್ದೇ ಆಗ್ಡನ್‌ನ ಗಳಿಕೆಯ ಅತ್ಯುತ್ತಮ ಬಳಕೆ.